ಐರ್ಲೆಂಡಿನ ಗೇಲಿಕ್ ಗ್ರಾಮನಾಮಗಳು: ಅವುಗಳ ಮೂಲವೂ ಅರ್ಥವೂ

ಐರ್ಲೆಂಡ್ ದ್ವೀಪದ ನೆಲವೆಲ್ಲವೂ ೬೦,೦೦೦ಕ್ಕೆ ಮೇಲ್ಪಟ್ಟ ಸಣ್ಣ ಸಣ್ಣ ಭೂಭಾಗಗಳಾಗಿ ವಿಂಗಡವಾಗಿದೆ. ಇವುಗಳಿಗೆ ಇಂಗ್ಲಿಷಿನಲ್ಲಿ ‘ಟೌನ್‌ಲ್ಯಾಂಡ್’ ಎಂದು ಹೆಸರು. ಈ ಪದದಲ್ಲಿ ಪಟ್ಟಣವೆಂಬ ಅರ್ಥವು ಹೊಳೆದರೂ ಇವು ಪಟ್ಟಣಗಳಲ್ಲ. ಎಷ್ಟೋ ಕಡೆಗಳಲ್ಲಿ ಹತ್ತು ಮನೆಗಳೂ ಇಲ್ಲ, ಕೆಲವೆಡೆ ಒಂದು ಮನೆಯೂ ಇಲ್ಲ. ಕನ್ನಡನಾಡಿನ ಬೇಚರಾಕು ಗ್ರಾಮಗಳನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು. ಜನವಿರಲಿ ಇಲ್ಲದಿರಲಿ, ಪ್ರತಿಯೊಂದಕ್ಕೂ ಎಲ್ಲೆಯುಂಟು, ಪ್ರತಿಯೊಂದಕ್ಕೂ ಹೆಸರುಂಟು. ಆ ಹೆಸರುಗಳಲ್ಲಿ ಬಹುಭಾಗವು ಗೇಲಿಕ್ ಭಾಷೆಯಲ್ಲಿ ಹುಟ್ಟಿದವು. ಆದರೆ ಭೂಪಟಗಳಲ್ಲಿ ರೂಢಿಯಾಗಿ ಕಾಣಬರುವುದು ಗೇಲಿಕ್ ಬರೆಹವಲ್ಲ, ಇಂಗ್ಲಿಷ್ ಕಿವಿಯು ಕೇಳಿ ಇಂಗ್ಲಿಷ್ ಲೇಖನಿಯು ಬರೆದಿಟ್ಟ ರೂಪ. ಆ ರೂಪವನ್ನೇ ನಂಬಿ ವ್ಯುತ್ಪತ್ತಿಯನ್ನು ಹೇಳಹೊರಟವನು ಹೆಜ್ಜೆಹೆಜ್ಜೆಗೂ ಎಡವುವನು. ಈ ಹೆಸರುಗಳ ಅರ್ಥವು ಇಂದಿಗೆ ಉಳಿದುಬಂದುದು ಹೇಗೆ, ಯಾರ ಬಾಯಿಂದ, ಎಂಬುದು ವಿಚಾರಕ್ಕೆ ಅರ್ಹವಾದ ಸಂಗತಿ.

ಈ ನಾಮಗಳ ಸಾಮಗ್ರಿಯು ಸರಳವಾದುದು. ‘ದ್ರಿಮ್’ ಎಂದರೆ ಎತ್ತಿನ ಬೆನ್ನಿನಂತಿರುವ ದಿಣ್ಣೆ, ‘ಕ್ನೊಕ್’ ಎಂದರೆ ಗುಡ್ಡ, ‘ಗ್ಲೆನ್’ ಕಣಿವೆ, ‘ದೆರ್ಯ’ ಓಕ್ ಮರಗಳ ತೋಪು, ‘ಕ್ಲೂನ್’ ಕಾಡು ಅಥವಾ ಜೌಗಿನ ನಡುವಣ ಹುಲ್ಲುಗಾವಲು. ‘ರಾಹ್’, ‘ಲಿಸ್’, ‘ದೂನ್’ ಎಂಬ ಮೂರೂ ಮಣ್ಣಿನ ಕೋಟೆ ಅಥವಾ ಸುತ್ತುಗೋಡೆಯುಳ್ಳ ಹಳೆಯ ವಾಸಸ್ಥಳಗಳನ್ನು ಸೂಚಿಸುವುವು. ‘ಕಿಲ್’ ಎಂಬುದು ಲ್ಯಾಟಿನಿನ ‘ಸೆಲ್ಲ’ ಶಬ್ದದ ತದ್ಭವ. ಸನ್ಯಾಸಿಗಳ ಕುಟೀರ, ಅದರಿಂದ ಚರ್ಚು, ಎಂದು ಅದರ ಅರ್ಥವು ಬೆಳೆದಿದೆ. ಭೂಮಿಯ ಅಳತೆಯಿಂದ ಬಂದ ಹೆಸರುಗಳೂ ಹೇರಳವಾಗಿವೆ. ‘ಕ್ಯಾಹ್ರೂ’ ಎಂದರೆ ಕಾಲುಭಾಗ; ಭೂಪಟದಲ್ಲಿ ಇದು ‘ಕ್ಯಾರೊ’ ಆಗಿ, ‘ಕ್ಯಾರೊಮೋರ್’ ಎಂಬಲ್ಲಿ ದೊಡ್ಡ ಕಾಲುಭಾಗವನ್ನೂ ‘ಕ್ಯಾರೊಕೀಲ್’ ಎಂಬಲ್ಲಿ ಕಿರಿದಾದ ಕಾಲುಭಾಗವನ್ನೂ ಹೇಳುತ್ತದೆ. ಒಟ್ಟಿನಲ್ಲಿ ಗೇಲಿಕ್ ರೈತನು ತನ್ನ ನೆಲಕ್ಕೆ ಕಣ್ಣಿಗೆ ಕಂಡುದನ್ನೇ ಹೆಸರಾಗಿ ಇಟ್ಟನು. ಅದರಲ್ಲಿ ಗೂಢವಾದುದು ಏನೂ ಇರಲಿಲ್ಲ. ಗೂಢವಾದುದು ಅನಂತರ.

ಹೆಸರಿಗೆ ಕಾರಣವನ್ನು ಕೇಳುವ ಹವ್ಯಾಸವು ಆ ದೇಶದಲ್ಲಿ ಬಹಳ ಹಳೆಯದು. ‘ದಿನ್‌ಹೆನಖಸ್’ ಎಂಬ ಹೆಸರಿನ ಗದ್ಯಪದ್ಯಗಳ ರಾಶಿಯೊಂದು ಮಧ್ಯಯುಗದ ಹಸ್ತಪ್ರತಿಗಳಲ್ಲಿ, ಮುಖ್ಯವಾಗಿ ೧೨ನೆಯ ಶತಮಾನದ ‘ಲೆನ್ಸ್ಟರ್ ಗ್ರಂಥ’ದಲ್ಲಿ, ಉಳಿದುಬಂದಿದೆ. ಇದನ್ನು ಸ್ಥಳಪುರಾಣಗಳ ಕೋಶವೆಂದೇ ಕರೆಯಬಹುದು. ಶ್ಯಾನನ್ ನದಿಗೆ ಆ ಹೆಸರು ಬಂದುದು ಜ್ಞಾನದ ಬುಗ್ಗೆಯನ್ನು ಅರಸಿಹೋಗಿ ಮುಳುಗಿದ ಸಿನನ್ ಎಂಬ ಸ್ತ್ರೀಯಿಂದ. ಬಾಯ್ನ್ ನದಿಗೆ ಬಂದುದು ಅಂತಹುದೇ ಬುಗ್ಗೆಯ ನಿಷೇಧವನ್ನು ಮೀರಿದ ಬೋಅನ್ ದೇವಿಯಿಂದ. ಕಥೆಗಳು ರಮ್ಯವಾಗಿವೆ; ಶಬ್ದಶಾಸ್ತ್ರಕ್ಕೆ ಅವು ಪ್ರಮಾಣವಾಗಲಾರವು. ಆದರೂ ಅವುಗಳನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಕಥೆಯು ಸುಳ್ಳಾದರೂ ಅದು ಹೊತ್ತುತಂದ ಹೆಸರಿನ ರೂಪವು ನಿಜ. ಕ್ರಿ. ಶ. ೨ನೆಯ ಶತಮಾನದ ಟಾಲೆಮಿಯ ಭೂಗೋಳದಲ್ಲಿ ಬಾಯ್ನ್ ನದಿಯು ‘ಬುವಿಂದ’ ಎಂದಿದೆ. ಇದಕ್ಕೆ ಬಿಳಿಯ ಹಸು ಎಂದು ಪಂಡಿತರು ಅರ್ಥ ಹೇಳುತ್ತಾರೆ. ಪುರಾಣದ ‘ಬೋಅನ್’ ಶಬ್ದವು ಈ ರೂಪದ ನೇರ ಸಂತಾನ. ಇನ್ನು ಸನ್ಯಾಸಿಗಳಾದ ಲೇಖಕರು ಕೆಲವೊಮ್ಮೆ ಪುರಾಣವನ್ನು ಬಿಟ್ಟು ನೇರವಾಗಿಯೇ ಅರ್ಥವನ್ನು ಬರೆದಿಟ್ಟಿದ್ದಾರೆ. ಕ್ರಿ. ಶ. ೭೩೧ರಲ್ಲಿ ತನ್ನ ಚರಿತ್ರೆಯನ್ನು ಮುಗಿಸಿದ ಬೀಡನು, ಇಂದು ಡರೊ ಎನಿಸಿಕೊಳ್ಳುವ ಮಠದ ಹೆಸರಿಗೆ ಓಕ್ ಮರಗಳ ಬಯಲು ಎಂಬ ಅರ್ಥವನ್ನು ಲ್ಯಾಟಿನಿನಲ್ಲಿ ಕೊಟ್ಟಿರುವನು. ಇಂತಹ ಒಂದು ಸಾಲು ನೂರು ಊಹೆಗಳಿಗೆ ಸಮ.

೧೭ನೆಯ ಶತಮಾನದಲ್ಲಿ ಕ್ರಾಮ್‌ವೆಲ್ಲನ ಯುದ್ಧದ ತರುವಾಯ ಸೋತವರ ಭೂಮಿಯನ್ನು ಗೆದ್ದವರಿಗೆ ಹಂಚಬೇಕಾಗಿ ಬಂದಿತು. ಹಂಚಬೇಕಾದರೆ ಅಳೆಯಬೇಕು, ಅಳೆದುದನ್ನು ಗುರುತಿಸಬೇಕಾದರೆ ಹೆಸರು ಬರೆಯಬೇಕು. ೧೬೫೫-೫೬ರಲ್ಲಿ ವಿಲಿಯಂ ಪೆಟ್ಟಿಯ ನೇತೃತ್ವದಲ್ಲಿ ನಡೆದ ‘ಡೌನ್ ಸರ್ವೆ’ ಎಂಬ ಮೋಜಣಿಯಲ್ಲಿ ಸೈನಿಕರೇ ಅಳತೆಗಾರರಾಗಿ ನಿಯಮಿತರಾದರು. ಗೇಲಿಕ್ ಭಾಷೆಯನ್ನು ಅರಿಯದ ಇವರು ತಮ್ಮ ಕಿವಿಗೆ ಬಿದ್ದ ಧ್ವನಿಯನ್ನು ತೋಚಿದ ಅಕ್ಷರಗಳಲ್ಲಿ ಬರೆದುಕೊಂಡರು. ಇದರಿಂದ ಹೆಸರುಗಳು ಕೆಟ್ಟುವೆಂದು ಹೇಳುವುದು ವಾಡಿಕೆ. ಆದರೆ ಈ ಮಾತನ್ನು ಸ್ವಲ್ಪ ವಿಮರ್ಶಿಸಬೇಕಾಗಿದೆ. ಅರ್ಥವನ್ನರಿಯದವನು ಅರ್ಥಕ್ಕಾಗಿ ಧ್ವನಿಯನ್ನು ತಿದ್ದಲಾರನು. ಪೆಟ್ಟಿಯ ಸೈನಿಕನು ಕೇಳಿದಂತೆಯೇ ಗೀಚಿದ ವಿಕಾರರೂಪವು, ೧೬೫೫ರಲ್ಲಿ ಆ ಊರಿನವನು ತನ್ನ ಊರ ಹೆಸರನ್ನು ಹೇಗೆ ಉಚ್ಚರಿಸುತ್ತಿದ್ದನೆಂಬುದಕ್ಕೆ ಬಹಳ ಬೆಲೆಯುಳ್ಳ ಸಾಕ್ಷಿ. ಕೆಡುಕು ಬಂದುದು ಹೆಚ್ಚಾಗಿ ಅರೆ ತಿಳಿದವರಿಂದ. ೧೬೬೫ರ ಕಾಯಿದೆಯೊಂದರಲ್ಲಿ ಐರ್ಲೆಂಡಿನ ಊರ ಹೆಸರುಗಳು ಅನಾಗರಿಕವೂ ಕರ್ಣಕಠೋರವೂ ಆಗಿರುವುದರಿಂದ ಅವುಗಳ ಬದಲಾಗಿ ಇಂಗ್ಲಿಷ್ ಹೆಸರುಗಳನ್ನು ಇಡಬೇಕೆಂಬ ವಿಧಿಯನ್ನೂ ಸೇರಿಸಲಾಯಿತು. ಅದು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯಿತು. ಉಳುವವನು ಯಾವ ಹೆಸರಿನಿಂದ ಹೊಲಕ್ಕೆ ಹೋಗುವನೋ ಆ ಹೆಸರನ್ನು ಶಾಸನದಿಂದ ಅಳಿಸುವುದು ಸುಲಭವಲ್ಲ.

೧೮೨೪ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ತೆರಿಗೆಯ ಹಂಚಿಕೆಯನ್ನು ಸರಿಪಡಿಸುವುದಕ್ಕಾಗಿ ಐರ್ಲೆಂಡನ್ನೆಲ್ಲ ಒಂದು ಮೈಲಿಗೆ ಆರು ಅಂಗುಲದ ಪ್ರಮಾಣದಲ್ಲಿ ಅಳೆಯಿಸಲು ನಿಶ್ಚಯಿಸಿತು. ಥಾಮಸ್ ಕಾಲ್ಬಿ ಇದರ ಮುಖ್ಯಾಧಿಕಾರಿ. ಡಬ್ಲಿನ್ನಿನ ಕಚೇರಿಯ ಹೊಣೆಯನ್ನು ೧೮೨೮ರಿಂದ ಹೊತ್ತವನು ಥಾಮಸ್ ಲಾರ್ಕಮ್. ೧೮೪೬ರ ವೇಳೆಗೆ ದೇಶವೆಲ್ಲದರ ಪಟಗಳೂ ಅಚ್ಚಾದುವು. ಒಂದೊಂದು ಟೌನ್‌ಲ್ಯಾಂಡಿಗೂ ಒಂದೇ ಒಂದು ನಿಶ್ಚಿತವಾದ ಕಾಗುಣಿತವು ಬೇಕಾಗಿದ್ದಿತು. ದಾಖಲೆಗಳಲ್ಲಿ ಒಂದೇ ಊರು ಹತ್ತು ವಿಧವಾಗಿ ಕಾಣುತ್ತಿದ್ದಿತು. ಲಾರ್ಕಮನು ಈ ತೊಡಕನ್ನು ಗುಮಾಸ್ತರಿಗೆ ಬಿಡದೆ ಪಂಡಿತರಿಗೆ ಒಪ್ಪಿಸಿದುದು ಅವನ ದೊಡ್ಡತನ. ಕಿಲ್ಕೆನಿ ಕೌಂಟಿಯ ರೈತಮನೆತನದವರಾದ ಜಾನ್ ಓಡಾನವನರು ೧೮೩೦ರಲ್ಲಿ ಈ ಕಾರ್ಯಕ್ಕೆ ನಿಯಮಿತರಾದರು. ಜಾರ್ಜ್ ಪೆಟ್ರಿ, ಯೂಜೀನ್ ಓಕರಿ ಮೊದಲಾದವರು ಅವರ ಸಹಕಾರಿಗಳು. ಕವಿ ಜೇಮ್ಸ್ ಕ್ಲಾರೆನ್ಸ್ ಮ್ಯಾಂಗನ್ ಅಲ್ಲಿ ಕೆಲಕಾಲ ನಕಲುಗಾರನಾಗಿದ್ದನು.

ಮೋಜಣಿಯೊಂದಿಗೆ ಸ್ಥಳವೃತ್ತಾಂತವನ್ನೂ ಕೂಡಿಹಾಕುವ ಈ ಪದ್ಧತಿಯು ಕನ್ನಡಿಗರಿಗೆ ಅಪರಿಚಿತವಲ್ಲ. ಸ್ಕಾಟ್ಲೆಂಡಿನ ಗೇಲಿಕ್ ಸೀಮೆಯ ಲೂಯಿಸ್ ದ್ವೀಪದಲ್ಲಿ ಹುಟ್ಟಿದ ಕಾಲಿನ್ ಮೆಕೆಂಜಿಯು ೧೮೦೦ರಿಂದ ಹಲವು ವರ್ಷಗಳ ಕಾಲ ಮೈಸೂರು ಸೀಮೆಯನ್ನು ಅಳೆಯುತ್ತ, ಕಾವಲಿ ವೆಂಕಟ ಬೋರಯ್ಯನೇ ಮೊದಲಾದವರ ನೆರವಿನಿಂದ ಊರೂರಿನ ಕೈಫಿಯತ್ತುಗಳನ್ನು ಸಂಗ್ರಹಿಸಿದನಷ್ಟೆ. ಐರ್ಲೆಂಡಿನ ಪ್ರಯತ್ನವು ಇದಕ್ಕೆ ಮೂವತ್ತು ವರ್ಷ ಕಿರಿಯದು.

ಓಡಾನವನರ ವಿಧಾನವು ಗಮನಾರ್ಹವಾಗಿದೆ. ಒಂದೊಂದು ಪ್ಯಾರಿಷ್ಷಿಗೂ ಒಂದೊಂದು ‘ನಾಮಪುಸ್ತಕ’ವಿದ್ದಿತು. ಅದರಲ್ಲಿ ಹೆಸರಿನ ಹಳೆಯ ಕಾಗುಣಿತಗಳೆಲ್ಲವನ್ನೂ, ಅವು ಯಾವ ದಾಖಲೆಯಿಂದ ಬಂದುವೆಂಬುದನ್ನೂ, ನೆಲದ ಲಕ್ಷಣವನ್ನೂ ಮೋಜಣಿಯ ಸೈನಿಕರು ತುಂಬಿಕೊಡುವರು. ಓಡಾನವನರು ಆ ಪುಸ್ತಕವನ್ನು ಹಿಡಿದು ಸ್ಥಳಕ್ಕೆ ನಡೆದೇ ಹೋಗಿ, ಗೇಲಿಕ್ ಬಲ್ಲ ಮುದುಕರನ್ನು ಹುಡುಕಿ, ಹೆಸರನ್ನು ಅವರ ಬಾಯಿಂದ ಹೇಳಿಸಿ ಕೇಳುವರು. ಗುಡ್ಡವೆಂದರೆ ಗುಡ್ಡವಿದೆಯೇ, ತೊರೆಯೆಂದರೆ ತೊರೆಯಿದೆಯೇ ಎಂದು ನೋಡುವರು. ಅನಂತರ ಹಳೆಯ ಹಸ್ತಪ್ರತಿಗಳೊಡನೆ ತಾಳೆಹಾಕುವರು. ೧೮೩೪ರಿಂದ ೧೮೪೧ರ ವರೆಗೆ ಅವರು ಡಬ್ಲಿನ್ನಿಗೆ ಬರೆದ ಕಾಗದಗಳು ಮಳೆ, ಕೆಟ್ಟ ದಾರಿ, ಕೆಟ್ಟ ಊಟಗಳ ಗೊಣಗಾಟದಿಂದಲೂ ಅಪಾರವಾದ ಪಾಂಡಿತ್ಯದಿಂದಲೂ ತುಂಬಿವೆ. ಇಷ್ಟು ಮಾಡಿ ಅವರು ಭೂಪಟಕ್ಕೆ ಕಳುಹಿಸಿದುದು ಮಾತ್ರ ಗೇಲಿಕ್ ರೂಪವನ್ನಲ್ಲ. ರೂಢಿಯಲ್ಲಿದ್ದ ಇಂಗ್ಲಿಷ್ ಕಾಗುಣಿತಗಳಲ್ಲಿ ಮೂಲಕ್ಕೆ ಅತ್ಯಂತ ಸಮೀಪವಾದುದನ್ನು. ಶುದ್ಧ ರೂಪವು ನಾಮಪುಸ್ತಕದ ಪುಟದಲ್ಲಿ ಉಳಿಯಿತು, ಅಪಭ್ರಂಶವು ಅಚ್ಚಾಯಿತು. ಒಂದೇ ಕೈ ಎರಡನ್ನೂ ಬರೆಯಿತೆಂಬುದನ್ನು ಮರೆತು, ಕೆಲವರು ಈ ಮೋಜಣಿಯನ್ನು ಒಂದು ಜನಾಂಗದ ನೆನಪನ್ನು ಅಳಿಸಿದ ಯಂತ್ರವೆಂದೂ ಮತ್ತೆ ಕೆಲವರು ಅದೇ ನೆನಪಿನ ಭಂಡಾರವೆಂದೂ ವಾದಿಸಿರುವರು. ಬ್ರಯನ್ ಫ್ರೀಲನ ‘ಟ್ರಾನ್ಸ್‌ಲೇಶನ್ಸ್’ ಎಂಬ ೧೯೮೦ರ ನಾಟಕವು ಮೊದಲನೆಯ ಪಕ್ಷವನ್ನು ಲೋಕಪ್ರಸಿದ್ಧಗೊಳಿಸಿತು. ನಾಮಪುಸ್ತಕಗಳನ್ನು ತೆರೆದು ನೋಡಿದವರು ಎರಡನೆಯದಕ್ಕೆ ಹೆಚ್ಚು ಒಲಿಯುವರು.

ಭೂಪಟದ ಅಪಭ್ರಂಶದಿಂದ ಅರ್ಥಕ್ಕೆ ಆಗುವ ಹಾನಿಯನ್ನು ತಿಳಿಯಲು ‘ಕಿಲ್’ ಎಂಬ ಪೂರ್ವಪದವೊಂದೇ ಸಾಕು. ಚರ್ಚೆಂಬ ಅರ್ಥದ ‘ಕಿಲ್’ ಶಬ್ದವಲ್ಲದೆ, ಕಾಡೆಂಬ ಅರ್ಥದಲ್ಲಿ ‘ಕೈಲ್’ ಎಂದೋ ‘ಕುಲ್’ ಎಂದೋ ಸೀಮೆಸೀಮೆಗೆ ಬೇರೆಯಾಗಿ ಕೇಳಿಸುವ ಇನ್ನೊಂದು ಶಬ್ದವು ಗೇಲಿಕ್ಕಿನಲ್ಲಿದೆ. ಆ ಭಾಷೆಯ ವ್ಯಂಜನಗಳಿಗೆ ತೆಳು, ದಪ್ಪ ಎಂಬ ಎರಡು ಉಚ್ಚಾರಗಳುಂಟು. ಗೇಲಿಕ್ ಕಿವಿಗೆ ಈ ಎರಡು ಶಬ್ದಗಳ ಮೊದಲ ಅಕ್ಷರವೇ ಬೇರೆ. ಇಂಗ್ಲಿಷ್ ಬರೆಹವು ಇದನ್ನು ಗುರುತಿಸಲಾರದೆ ಎರಡನ್ನೂ ಅನೇಕ ವೇಳೆ ‘ಕಿಲ್’ ಎಂದೇ ಬರೆಯಿತು. ಕನ್ನಡದ ಕಲ್ಲನ್ನೂ ಕಳ್ಳನ್ನೂ ಆ ಲಿಪಿಯು ಒಂದೇ ಬಗೆಯಾಗಿ ಬರೆಯುವುದನ್ನು ನೆನೆದರೆ ತೊಡಕಿನ ಸ್ವರೂಪವು ಸ್ಪಷ್ಟವಾಗುವುದು. ಕಿಲ್ಡೇರ್ ಎಂಬುದು ಓಕ್ ಮರದ ಚರ್ಚು. ಕ್ಯಾವನ್ ಕೌಂಟಿಯ ಕಿಲ್‌ಮೋರ್ ಎಂಬುದು ದೊಡ್ಡ ಚರ್ಚು. ಆದರೆ ವಾಟರ್‌ಫರ್ಡ್ ಕೌಂಟಿಯ ಕಿಲ್‌ಮಕ್‌ಥಾಮಸ್ ಎಂಬಲ್ಲಿ ಚರ್ಚೇ ಇಲ್ಲ, ಅದು ಮಕ್‌ಥಾಮಸನ ವಂಶದವರ ಕಾಡು. ಗಾಲ್‌ವೆ ಕೌಂಟಿಯಲ್ಲಿ ದೊಡ್ಡ ಕಾಡು ಎಂಬುದು ಅದೃಷ್ಟವಶಾತ್ ‘ಕೈಲ್‌ಮೋರ್’ ಎಂಬ ಕಾಗುಣಿತವನ್ನು ಪಡೆದು ಸಂದೇಹಕ್ಕೆ ಎಡೆಗೊಡದೆ ಉಳಿದಿದೆ. ಮಿಕ್ಕ ಕಡೆಗಳಲ್ಲಿ ತೀರ್ಮಾನವು ಹೇಗೆ? ಹಳೆಯ ಲಿಖಿತರೂಪವಿದ್ದರೆ ಅದರಿಂದ. ಇಲ್ಲವಾದರೆ ಸ್ಥಳದಲ್ಲಿ ಹಳೆಯ ಸ್ಮಶಾನವೋ ಚರ್ಚಿನ ತಳಪಾಯವೋ ಇರುವುದರಿಂದ. ಅದೂ ಇಲ್ಲವಾದರೆ ಊರಿನವನ ನಾಲಗೆಯಿಂದ ಮಾತ್ರ. ನಾಲಗೆಯೂ ಹೋದಲ್ಲಿ ಪ್ರಶ್ನೆಯು ಪ್ರಶ್ನೆಯಾಗಿಯೇ ನಿಲ್ಲುವುದು.

‘ಬ್ಯಾಲಿ’ಯ ಕಥೆಯೂ ಇದೇ. ಅದು ಸಾಮಾನ್ಯವಾಗಿ ಊರು, ಹಿಡುವಳಿ ಎಂಬರ್ಥದ ‘ಬಲ್ಯ’. ಬ್ಯಾಲಿಮೀನ ಎಂದರೆ ನಡುವಣ ಊರು. ಆದರೆ ‘ಬೇಲ್ ಆಹ’, ಎಂದರೆ ಹೊಳೆದಾಟುವ ಕಡವಿನ ಬಾಯಿ, ಎಂಬುದೂ ಸವೆದು ಇದೇ ರೂಪಕ್ಕೆ ಬಂದಿದೆ. ಬ್ಯಾಲಿನಸ್ಲೋ ಎಂಬ ಊರಿನ ಹೆಸರಿಗೆ ದಂಡುಗಳು ದಾಟುವ ಕಡವಿನ ಬಾಯಿ ಎಂದರ್ಥ, ಬ್ಯಾಲಿಶ್ಯಾನನ್ನಿನಲ್ಲಿರುವುದೂ ಕಡವೇ.

ಇಂಗ್ಲಿಷ್ ಬರೆಹಗಾರನನ್ನು ಇನ್ನಷ್ಟು ದಿಕ್ಕುಗೆಡಿಸಿದುದು ಗೇಲಿಕ್ ಸಂಧಿಕಾರ್ಯ. ಆ ಭಾಷೆಯಲ್ಲಿ ಸಮಾಸದ ಉತ್ತರಪದದ ಮೊದಲಕ್ಷರವು ಹಿಂದಿನ ಪದದ ಲಿಂಗವಿಭಕ್ತಿಗಳಿಗೆ ಅನುಸಾರವಾಗಿ ಮಾರ್ಪಡುವುದು: ಬಕಾರ ಮಕಾರಗಳು ವಕಾರವಾಗುವುವು. ಮೆಲ್ ಎಂಬುದರ ಮುಂದೆ ಮಾತು ಬಂದರೆ ಮೆಲ್ವಾತು ಎನ್ನುವ ಕನ್ನಡಿಗನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕ್ಲೇರ್ ಕೌಂಟಿಯ ಲಿಸ್ಡೂನ್‌ವಾರ್ನ ಎಂಬ ಹೆಸರನ್ನು ಬಿಡಿಸಿದರೆ ಲಿಸ್, ದೂನ್, ಬಾರ್ನ ಎಂಬ ಮೂರು ಶಬ್ದಗಳು ದೊರೆಯುವುವು. ಕೊನೆಯದು ಕಂಡಿ ಎಂಬರ್ಥದ ‘ಬಾರ್ನ’, ಸಂಧಿಯಲ್ಲಿ ‘ವಾರ್ನ’ ಆಗಿದೆ. ಕಂಡಿಯುಳ್ಳ ಕೋಟೆಯ ಬಳಿಯ ಸುತ್ತುಗೋಡೆ ಎಂದು ತಾತ್ಪರ್ಯ. ಭೂಪಟದಲ್ಲಿ ‘ವಾರ್ನ’ವನ್ನು ಕಂಡು ನಿಘಂಟಿನ ವಕಾರದಲ್ಲಿ ಹುಡುಕಿದವನಿಗೆ ಏನೂ ಸಿಕ್ಕದು. ಪ್ರಾಂತಭೇದಗಳೂ ಇವೆ: ದಕ್ಷಿಣದಲ್ಲಿ ‘ಕ್ನೊಕ್’ ಎಂಬ ಗುಡ್ಡವು ಉತ್ತರದವರ ಬಾಯಲ್ಲಿ ‘ಕ್ರೊಕ್’.

ಭಾಷಾಂತರದಿಂದ ಹುಟ್ಟಿದ ಪ್ರಮಾದಗಳು ಒಂದು ಪ್ರತ್ಯೇಕ ಅಧ್ಯಾಯಕ್ಕೆ ಸಾಕಾಗುವಷ್ಟಿವೆ. ಓಡಾನವನರ ಸ್ವಂತ ಕೌಂಟಿಯಾದ ಕಿಲ್ಕೆನಿಯಲ್ಲಿ ಫ್ರೆಶ್‌ಫರ್ಡ್ ಎಂಬ ಊರಿದೆ. ಹೊಸ ಕಡವು ಎಂದು ಇಂಗ್ಲಿಷಿನಲ್ಲಿ ಅರ್ಥವಾಗುವುದು. ಮೂಲವಾದರೋ ‘ಅಖ ಊರ್’, ಹಸುರಾದ ಹೊಲ. ಹೊಲವೆಂಬರ್ಥದ ‘ಅಖ’ ಶಬ್ದವನ್ನು ಕಡವೆಂಬರ್ಥದ ‘ಆಹ’ ಎಂದು ಯಾರೋ ಬಗೆದು ಭಾಷಾಂತರಿಸಿದರು. ಅಂದಿನಿಂದ ಹೊಲವು ಹೊಳೆಗೆ ಬಿದ್ದಿತು. ಇಲ್ಲಿಯ ‘ಊರ್’ ಶಬ್ದವನ್ನು ಕಂಡು ಕನ್ನಡದ ಊರೆಂದು ಹಿಗ್ಗುವವರೂ ಇರಬಹುದು. ಅದಕ್ಕೆ ತಾಜಾ, ಹೊಸದು ಎಂದು ಅರ್ಥ. ಧ್ವನಿಯ ಈ ಹೋಲಿಕೆಯು ಕೇವಲ ಆಕಸ್ಮಿಕ. ಡಬ್ಲಿನ್ನಿನ ಬಳಿಯ ಲೆಪರ್ಡ್ಸ್‌ಟೌನಿನಲ್ಲಿ ಚಿರತೆಗಳು ಎಂದೂ ಇದ್ದುವಲ್ಲ; ಮೂಲದ ‘ಬಲ್ಯ ನ ಲೌರ್’ ಎಂಬುದು ಕುಷ್ಠರೋಗಿಗಳ ಊರು. ಈಡನ್‌ಡೆರಿಯಲ್ಲಿ ಬೈಬಲಿನ ಉದ್ಯಾನವಿಲ್ಲ, ‘ಏಡನ್’ ಎಂದರೆ ಗುಡ್ಡದ ಹಣೆ. ಲೆಟರ್‌ಕೆನಿಯಲ್ಲಿ ಓಲೆಯಿಲ್ಲ, ‘ಲೆಟಿರ್’ ಎಂದರೆ ನೀರೊಸರುವ ಇಳಿಜಾರು. ಮನಿಮೋರಿನಲ್ಲಿ ಹಣವಿಲ್ಲ, ‘ಮುನ್ಯ’ ಎಂದರೆ ಪೊದೆ. ಭಾಷಾಂತರವು ಸರಿಯಾಗಿ ನಡೆದುದೂ ಉಂಟು: ಡೌನ್ ಕೌಂಟಿಯ ‘ತೌನಖ್ ನೀವ್’, ಅಂದರೆ ಸಂತರ ಹೊಲ, ಸೇಂಟ್‌ಫೀಲ್ಡ್ ಎಂದಾಯಿತು. ಅರ್ಥವು ಉಳಿಯಿತು, ಧ್ವನಿಯು ಹೋಯಿತು.

ಮೂಲವು ದೊರೆತಲ್ಲಿ ಈ ಹೆಸರುಗಳು ನೆಲದ ಮೇಲೆ ಈಗಿಲ್ಲದುದಕ್ಕೆ ಸಾಕ್ಷಿ ಹೇಳುತ್ತವೆ. ೨೦ನೆಯ ಶತಮಾನದ ಆದಿಯಲ್ಲಿ ಐರ್ಲೆಂಡಿನ ನೂರಕ್ಕೆ ಒಂದು ಪಾಲಿನಷ್ಟು ಭೂಮಿಯಲ್ಲಿ ಮಾತ್ರ ಕಾಡು ಉಳಿದಿದ್ದಿತು. ಬೋಳು ಬಯಲಿನಲ್ಲಿ ನಿಂತು ‘ಡೆರಿ’ ಎಂದು ಕರೆಸಿಕೊಳ್ಳುವ ನೂರಾರು ಊರುಗಳು ಅಲ್ಲಿ ಹಿಂದೆ ಓಕ್ ತೋಪುಗಳಿದ್ದುದನ್ನು ತಿಳಿಸುವುವು. ತೋಳಗಳು ೧೮ನೆಯ ಶತಮಾನದಲ್ಲಿ ನಿರ್ವಂಶವಾದುವು. ಮೇಯೊ ಕೌಂಟಿಯ ಬ್ರೆಫಿ ಎಂಬ ಹೆಸರಿನಲ್ಲಿ ‘ತೋಳಗಳ ಬಯಲು’ ಇನ್ನೂ ಅಡಗಿದೆ. ಬೇಸಗೆಯಲ್ಲಿ ದನಗಳನ್ನು ಬೆಟ್ಟದ ಹುಲ್ಲಿಗೆ ಹೊಡೆದುಕೊಂಡು ಹೋಗಿ ಅಲ್ಲಿಯೇ ಗುಡಿಸಲು ಹಾಕಿ ಹಾಲು ಕರೆಯುವ ಪದ್ಧತಿಯು ನಿಂತುಹೋದರೂ, ಆ ತಾಣಗಳಿಗಿದ್ದ ‘ಬೂಲ್ಯ’ ಎಂಬ ಮಾತು ‘ಬೂಲಿ’ ಎಂದು ಬೆಟ್ಟದ ಮೈಗೆ ಅಂಟಿಕೊಂಡಿದೆ. ದ್ವೀಪದಲ್ಲಿ ಗುರುತಿಸಲಾದ ವೃತ್ತಾಕಾರದ ಮಣ್ಣುಕೋಟೆಗಳು ಸುಮಾರು ೪೫,೦೦೦. ನೇಗಿಲಿಗೆ ಸಿಕ್ಕಿ ಸಮತಟ್ಟಾದ ಕೋಟೆಯ ಇರವನ್ನು ಎಷ್ಟೋ ವೇಳೆ ಹೇಳಬಲ್ಲುದು ‘ಲಿಸ್’, ‘ರಾಹ್’ ಎಂಬ ಪೂರ್ವಪದವೊಂದೇ.

ಈ ಸಾಕ್ಷ್ಯವು ಎಷ್ಟು ಕೂದಲೆಳೆಯಲ್ಲಿ ಉಳಿದುಕೊಂಡಿತೆಂಬುದನ್ನು ಇಸವಿಗಳೇ ತೋರಿಸುವುವು. ಖರ್ಚು ಹೆಚ್ಚಿತೆಂದು ೧೮೪೨ರಲ್ಲಿ ಪೆಟ್ರಿ ಓಡಾನವನರ ಶಾಖೆಯನ್ನು ಮುಚ್ಚಲಾಯಿತು. ೧೮೪೫ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗವು ತಗುಲಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ೧೦ ಲಕ್ಷ ಜನರು ಹಸಿವಿಗೂ ಜ್ವರಕ್ಕೂ ಬಲಿಯಾದರು. ಅಷ್ಟೇ ಜನರು ದೇಶವನ್ನು ಬಿಟ್ಟರು. ಸತ್ತವರಲ್ಲಿಯೂ ಹೋದವರಲ್ಲಿಯೂ ಗೇಲಿಕ್ ನುಡಿಯ ಬಡ ರೈತರೇ ಹೆಚ್ಚು. ೧೮೫೧ರ ಖಾನೇಷುಮಾರಿಯಲ್ಲಿ ಆ ಭಾಷೆಯನ್ನು ಬಲ್ಲವರು ಸುಮಾರು ೧೫ ಲಕ್ಷ. ೧೯೧೧ರ ವೇಳೆಗೆ ೬ ಲಕ್ಷಕ್ಕೂ ಕಡಿಮೆ. ಓಡಾನವನರು ಮುದುಕರನ್ನು ಕೂರಿಸಿಕೊಂಡು ಕೇಳಿದ ಎಷ್ಟೋ ಪ್ಯಾರಿಷ್ಷುಗಳಲ್ಲಿ ಎರಡು ತಲೆಮಾರು ಕಳೆಯುವುದರೊಳಗೆ ಆ ಹೆಸರುಗಳನ್ನು ಸರಿಯಾಗಿ ಉಚ್ಚರಿಸುವವನು ಒಬ್ಬನೂ ಉಳಿಯಲಿಲ್ಲ. ಮೋಜಣಿಯು ಇಪ್ಪತ್ತು ವರ್ಷ ತಡವಾಗಿ ನಡೆದಿದ್ದರೆ ‘ಕಿಲ್’ ಎಂಬುದು ಎಲ್ಲಿ ಕಾಡು, ಎಲ್ಲಿ ಚರ್ಚು ಎಂಬುದು ನೂರಾರು ಕಡೆ ಎಂದೆಂದಿಗೂ ಗೊತ್ತಾಗುತ್ತಿರಲಿಲ್ಲ. ಪಿ. ಡಬ್ಲ್ಯು. ಜಾಯ್ಸರು ೧೮೬೯ರಲ್ಲಿ ಮೊದಲನೆಯ ಸಂಪುಟವನ್ನೂ, ೧೮೭೫ರಲ್ಲಿ ಎರಡನೆಯದನ್ನೂ, ಮುಪ್ಪಿನಲ್ಲಿ, ೧೯೧೩ರಲ್ಲಿ, ಮೂರನೆಯದನ್ನೂ ಪ್ರಕಟಿಸಿ ಈ ಶಾಸ್ತ್ರವನ್ನು ಜನಸಾಮಾನ್ಯರಿಗೆ ತಲಪಿಸಿದರು. ಆ ಸಂಪುಟಗಳ ಅಸ್ತಿಭಾರವು ಓಡಾನವನರ ನಾಮಪುಸ್ತಕಗಳೇ.

ಗೇಲಿಕ್ ಭಾಷೆಯು ಐರ್ಲೆಂಡಿನಿಂದ ಹರಡಿದ ಸ್ಕಾಟ್ಲೆಂಡಿನಲ್ಲಿ ಇನ್ನೊಂದು ಪದರವೂ ಸೇರಿಕೊಂಡಿದೆ. ಅಲ್ಲಿ ಗೇಲಿಕ್ಕಿಗಿಂತ ಹಿಂದೆ ಪಿಕ್ಟರ ಭಾಷೆಯಿದ್ದು, ಭೂಮಿಯ ಪಾಲು ಎಂಬರ್ಥದ ‘ಪಿಟ್’ ಎಂಬ ಅವರ ಶಬ್ದವು ಪಿಟ್ಲಾಕ್ರಿ ಮೊದಲಾದ ಹೆಸರುಗಳಲ್ಲಿ ಉಳಿದಿದೆ. ಗೇಲಿಕ್ ಜನರು ಇದೇ ಊರನ್ನು ತಮ್ಮ ಮಾತಿನಲ್ಲಿ ‘ಬಲ್ಯ’ ಸೇರಿಸಿ ಕರೆದರು; ಭೂಪಟವು ಹಳೆಯದನ್ನೇ ಇಟ್ಟುಕೊಂಡಿತು. ಡಬ್ಲ್ಯು. ಜೆ. ವಾಟ್ಸನ್ನರ ೧೯೨೬ರ ಗ್ರಂಥದಲ್ಲಿ ಇದರ ವಿಸ್ತಾರವಾದ ವಿವೇಚನೆಯಿದೆ.

ಸ್ವಾತಂತ್ರ್ಯದ ಕಾಲದಲ್ಲಿ ಐರಿಷರು ದೊಡ್ಡ ಊರುಗಳ ಹೆಸರುಗಳನ್ನು ತಿರುಗಿಸಿಕೊಂಡರು: ಕಿಂಗ್ಸ್‌ಟೌನ್ ಮತ್ತೆ ಡೂನ್ ಲೇರಿ ಆಯಿತು, ಮೇರಿಬರೊ ಪೋರ್ಟ್‌ಲೀಷ್ ಆಯಿತು. ೧೮೪೯ರಲ್ಲಿ ವಿಕ್ಟೋರಿಯಾ ರಾಣಿಯ ಭೇಟಿಯ ನೆನಪಿಗೆ ಕ್ವೀನ್ಸ್‌ಟೌನ್ ಆಗಿದ್ದ ರೇವು ‘ಕೋವ್’ ಆಯಿತು. ವಿನೋದವೇನೆಂದರೆ, ಗೇಲಿಕ್ ಕಾಗುಣಿತವನ್ನು ತೊಟ್ಟಿರುವ ಈ ‘ಕೋವ್’ ಗೇಲಿಕ್ ಶಬ್ದವೇ ಅಲ್ಲ. ಸಣ್ಣ ಕೊಲ್ಲಿ ಎಂಬರ್ಥದ ಇಂಗ್ಲಿಷ್ ಮಾತು. ೧೯೪೬ರಲ್ಲಿ ಸರಕಾರವು ಸ್ಥಳನಾಮಗಳ ಆಯೋಗವನ್ನು ನೇಮಿಸಿ ಮೂಲರೂಪಗಳ ನಿರ್ಣಯವನ್ನು ಶಾಸ್ತ್ರೀಯವಾಗಿ ಆರಂಭಿಸಿತು. ಪಂಡಿತರ ನಿರ್ಣಯಕ್ಕೂ ಊರಿನವರ ಮನಸ್ಸಿಗೂ ಯಾವಾಗಲೂ ಹೊಂದುವುದಿಲ್ಲ. ೨೦೦೪ರ ಆಜ್ಞೆಯೊಂದರಿಂದ ಕೆರಿ ಕೌಂಟಿಯ ಡಿಂಗಲ್ ಪಟ್ಟಣವು ‘ಅನ್ ದ್ಯಾಂಗನ್’ ಎಂಬ ಒಂದೇ ಹೆಸರನ್ನು ಹೊರಬೇಕಾಯಿತು. ಪ್ರವಾಸಿಗರು ಊರನ್ನು ಗುರುತಿಸಲಾರರೆಂದೂ, ದ್ಯಾಂಗನ್ ಎಂಬ ಬೇರೊಂದು ಊರು ಆಫಲಿಯಲ್ಲಿ ಇರುವುದೆಂದೂ ನಿವಾಸಿಗಳು ವಿರೋಧಿಸಿ, ೨೦೦೬ರಲ್ಲಿ ಮತದಾನ ಮಾಡಿದರು; ೨೦೧೧ರ ಕಾಯಿದೆಯು ಇಂಗ್ಲಿಷಿನಲ್ಲಿ ಡಿಂಗಲ್ ಎಂದೂ ಗೇಲಿಕ್ಕಿನಲ್ಲಿ ‘ದ್ಯಾಂಗನ್ ಈ ಖೂಷ್’ ಎಂದೂ ನಿಲ್ಲಿಸಿತು. ಉತ್ತರ ಐರ್ಲೆಂಡಿನಲ್ಲಾದರೋ ೧೯೭೦ರ ದಶಕದಲ್ಲಿ ಅಂಚೆಯ ವಿಳಾಸಕ್ಕೆ ರಸ್ತೆಯ ಹೆಸರೂ ಮನೆಯ ಸಂಖ್ಯೆಯೂ ಬಂದು ಟೌನ್‌ಲ್ಯಾಂಡಿನ ಹೆಸರು ಬಿದ್ದುಹೋಗುವ ಸ್ಥಿತಿಯೊದಗಿತು. ಫರ್ಮಾನಾ ಕೌಂಟಿಯವರು ಅದನ್ನು ಒಪ್ಪದೆ ತಮ್ಮ ಹೆಸರುಗಳನ್ನು ಉಳಿಸಿಕೊಂಡರು.

ಆರು ಅಂಗುಲದ ಪಟಕ್ಕೂ ಸಿಕ್ಕದ ಹೆಸರುಗಳು ಇನ್ನೂ ಇವೆ: ಒಂದೊಂದು ಹೊಲದವು, ಬಂಡೆಯವು, ಕಡಲ ಬಿರುಕಿನವು. ಲಂಡನ್ನಿನಿಂದ ಬಂದು ಆರನ್ ದ್ವೀಪಗಳಲ್ಲಿ ನೆಲಸಿದ ಟಿಮ್ ರಾಬಿನ್ಸನ್ನರು ಓಡಾನವನರಂತೆಯೇ ಕಾಲುನಡಿಗೆಯಿಂದ ದಡದುದ್ದಕ್ಕೂ ತಿರುಗಿ, ಮೀನುಗಾರರನ್ನೂ ರೈತರನ್ನೂ ಕೇಳಿ, ೧೯೭೫ರಲ್ಲಿ ಆರನ್ನಿನ ಪಟವನ್ನೂ ೧೯೯೦ರಲ್ಲಿ ಕಾನಮಾರದ ಪಟವನ್ನೂ ಹೊರತಂದರು. ಅವರು ೨೦೨೦ರಲ್ಲಿ ತೀರಿಕೊಂಡರು. ಅವರ ಪಟಗಳ ಅಂಚಿನಲ್ಲಿ ಗೇಲಿಕ್ ಹೆಸರುಗಳು ಗೇಲಿಕ್ ಕಾಗುಣಿತದಲ್ಲಿಯೇ ಇವೆ.